ಚಿಂದಿ ಮೀಮಾಂಸೆ: ಅರ್ಧ ಇಂಚಿನ ಗಡಿರೇಖೆಯನ್ನು ಕುರಿತ ಮಹಾಪ್ರಬಂಧದ ಸಾರಲೇಖ

ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಅಧ್ಯಯನ ಬಟ್ಟೆಯನ್ನು ಕುರಿತದ್ದಲ್ಲ. ಇಳಕಲ್ ಸೀರೆಯ ಸೆರಗಿನ ಬಗ್ಗೆ, ಗುಳೇದಗುಡ್ಡದ ಖಣದ ಬಗ್ಗೆ ಬರೆಯುವ ವಿದ್ವಾಂಸರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಅದೇ ಖಣದಿಂದ ಕುಪ್ಪಸ ಕತ್ತರಿಸಿದ ಮೇಲೆ ಟೇಲರನ ಮೇಜಿನ ಕೆಳಗೆ ಬೀಳುವ, ಕಂಕುಳ ತಿರುವಿನಿಂದ ಹೊರಬಂದ, ಒಂದು ತುದಿ ಎರಡು ಬೆರಳಗಲ, ಇನ್ನೊಂದು ತುದಿ ಏನೂ ಇಲ್ಲ ಎಂಬಂತಿರುವ ಆ ಚೂರಿನ ಬಗ್ಗೆ ಯಾರೂ ಬಾಯಿ ಬಿಟ್ಟಂತಿಲ್ಲ. ಪೂರ್ಣಕ್ಕೆ ಸಿಕ್ಕ ಭಾಷ್ಯಕಾರರು ಚೂರಿಗೆ ಸಿಗದೆ ಹೋದದ್ದು ನಮ್ಮ ವಿದ್ವತ್ ಪರಂಪರೆಯ ಮೇಲಿನ ಕಲೆ. ಅದನ್ನು ತೊಳೆಯುವುದೇ ಈ ಪ್ರಬಂಧದ ಉದ್ದೇಶ.

ಮಿತಿಗಳು ಎರಡು. ಬನಿಯನ್ ಬಟ್ಟೆಯನ್ನು ಕೈಬಿಟ್ಟಿದ್ದೇನೆ. ಎಳೆದಂತೆ ಬೆಳೆಯುವ ವಸ್ತುವನ್ನು ಅಳೆಯುವ ಶಾಸ್ತ್ರ ಇನ್ನೂ ಹುಟ್ಟಿಲ್ಲ. ನೈಲಾನನ್ನೂ ಬಿಟ್ಟಿದ್ದೇನೆ, ಇಸ್ತ್ರಿ ತಗಲಿದ ಕೂಡಲೇ ಅದು ಸಂಶೋಧನೆಗೆ ಸಹಕರಿಸುವುದನ್ನು ನಿಲ್ಲಿಸಿ ಇಸ್ತ್ರಿಗೇ ಅಂಟಿಕೊಳ್ಳುತ್ತದೆ.

ಪೂರ್ವಪಕ್ಷ

ಚೂರಿನ ವಿಷಯದಲ್ಲಿ ಲೋಕ ಎರಡು ಮತವಾಗಿ ಒಡೆದಿದೆ: ವಿಸರ್ಜನವಾದಿಗಳು ಮತ್ತು ಸಂಗ್ರಹವಾದಿಗಳು. ಮೊದಲನೆಯವರು ಪ್ರಾಯಶಃ ಗಂಡಸರು. ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುವ ವಾರದಲ್ಲಿ ಪ್ರಬಲರಾಗಿ, ಹಬ್ಬ ಕಳೆದ ಮೇಲೆ ಮತ್ತೆ ಸೋಫಾ ಸೇರುತ್ತಾರೆ. ಎರಡನೆಯವರು ವರ್ಷವಿಡೀ ಇರುತ್ತಾರೆ. ಇಬ್ಬರ ನಡುವಿನ ಶಾಸ್ತ್ರಾರ್ಥ ಧಾರವಾಡದ ಕಡೆ ಅಟ್ಟದ ಏಣಿಯ ಬುಡದಲ್ಲಿ ನಡೆಯುವ ಪರಿ ಹೀಗೆ:

"ಈ ಗಂಟ ಒಗದ ಬಿಡ್ಲೇನು?"

"ಒಗೀಬ್ಯಾಡ್ರಿ, ಇರ್ಲಿ. ಯಾವುದಕ್ಕರ ಬರ್ತದ."

"ಯಾವುದಕ್ಕ?"

"ಬಂದಾಗ ಗೊತ್ತಾಗ್ತದ."

ಮಡಕೆ ಮಣ್ಣಿನೊಳಗೆ ಮೊದಲೇ ಇತ್ತು ಎಂದು ಸಾಧಿಸಲು ಸಾಂಖ್ಯರು ಕಾರಿಕೆಗಳನ್ನೇ ರಚಿಸಬೇಕಾಯಿತು. ಅವರ ಸತ್ಕಾರ್ಯವಾದವನ್ನು ಇಲ್ಲಿ ಒಬ್ಬ ಗೃಹಿಣಿ ಏಣಿ ಹಿಡಿದುಕೊಂಡೇ ಸ್ಥಾಪಿಸಿದ್ದಾಳೆ: ಕೌದಿ ಗಂಟಿನೊಳಗೆ ಈಗಾಗಲೇ ಇದೆ, ಹೊಲಿಯುವುದೊಂದು ಬಾಕಿ. ವಿಸರ್ಜನವಾದಿಯ ಬಳಿ ಇದಕ್ಕೆ ಉತ್ತರವಿಲ್ಲ. ಅವನು ಗಂಟನ್ನು ಇದ್ದಲ್ಲೇ ಇಟ್ಟು ಇಳಿಯುತ್ತಾನೆ.

ಇಲ್ಲಿ ಒಂದು ಉಪಪ್ರಶ್ನೆ ಏಳುತ್ತದೆ. ಉಡಿ ತುಂಬಿದ ರವಿಕೆ ಖಣವೂ ಚೂರೇ ಅಲ್ಲವೆ? ಅಲ್ಲ. ಅದು ಕತ್ತರಿ ಕಾಣದ ವಸ್ತು. ಆದ್ದರಿಂದಲೇ ಅದಕ್ಕೆ ಸಂಸಾರಚಕ್ರ ತಪ್ಪಿಲ್ಲ. ಸೀಮಂತದಿಂದ ಗೃಹಪ್ರವೇಶಕ್ಕೆ, ಗೃಹಪ್ರವೇಶದಿಂದ ವರಮಹಾಲಕ್ಷ್ಮಿಗೆ, ಅಲ್ಲಿಂದ ಯಾರದೋ ಮದುವೆಗೆ ಸುತ್ತಿ, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿ, ಕೊನೆಗೊಂದು ದಿನ ಮೊದಲು ಕೊಟ್ಟವರ ಉಡಿಗೇ ಬಂದು ಬೀಳುತ್ತದೆ. ಅವರು ಗುರುತು ಹಿಡಿದರೂ ಹಿಡಿಯದವರಂತೆ ಕುಂಕುಮ ಹಚ್ಚಿಸಿಕೊಳ್ಳುತ್ತಾರೆ. ಕತ್ತರಿ ಬಿದ್ದಾಗಲೇ ಖಣಕ್ಕೆ ಈ ಪುನರ್ಜನ್ಮದಿಂದ ಬಿಡುಗಡೆ, ಚೂರಿಗೆ ಜನನ.

ಪ್ರಯೋಗ ವಿಧಿ

ಚೂರಿನ ವಿನಿಯೋಗಕ್ಕೆ ಅಮೆರಿಕದ ಕ್ವಿಲ್ಟ್ ಹೊಲಿಯುವವರು ಕಂಡುಕೊಂಡ ಒಂದು ವಿಧಾನಕ್ಕೆ ಫೌಂಡೇಶನ್ ಸ್ಟ್ರಿಂಗ್ ಪೀಸಿಂಗ್ ಎಂದು ಹೆಸರು. ಬೇರೆ ಯಾವುದಕ್ಕೂ ಒದಗದ ಉದ್ದನೆಯ ಸಪೂರ ಪಟ್ಟಿಗಳನ್ನು ಒಂದು ತಳಹದಿಯ ಮೇಲೆ ಸಾಲಾಗಿ ಹೊಲಿಯುತ್ತ ಹೋಗುವುದು. ಉಳಿದ ಬಹುಪಾಲು ಕ್ವಿಲ್ಟ್ ಪದ್ಧತಿಗಳಲ್ಲಿ ಪ್ರತಿ ತುಂಡೂ ಅಳತೆಗೆ ಸರಿಯಾಗಿರಬೇಕು, ಅಂಚು ನೇರ ಇರಬೇಕು. ಇಲ್ಲಿ ಆ ಹಂಗಿಲ್ಲ. ಸೊಟ್ಟಗಿದ್ದರೂ ನಡೆಯುತ್ತದೆ, ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳ್ಳಗಿದ್ದರೂ ನಡೆಯುತ್ತದೆ. ಇಷ್ಟು ಉದಾರವಾದ ಪ್ರವೇಶ ನಿಯಮ ನಮ್ಮ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ.

ಎಂಟು ಇಂಚಿನ ಚೌಕವಾಗಿ ಕಾಗದ ಕತ್ತರಿಸಿಕೊಳ್ಳಬೇಕು. ಮೊದಲ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ, ಒಳ್ಳೆಯ ಮೈ ಮೇಲಾಗಿ ಮಲಗಿಸಬೇಕು. ಎಂಟು ಇಂಚಿನ ಚೌಕದ ಕರ್ಣ 11.3 ಇಂಚು. ಯಜ್ಞವೇದಿ ಕಟ್ಟಲು ಹಗ್ಗ ಹಿಡಿದು ಕರ್ಣ ಅಳೆದ ಬೌಧಾಯನ ಶುಲ್ಬಸೂತ್ರದಲ್ಲಿ ಇದರ ಲೆಕ್ಕಕ್ಕೆ ದಾರಿ ಹಾಕಿಕೊಟ್ಟಿದ್ದಾನೆ, ಆದರೆ ಪಟ್ಟಿ ಹನ್ನೊಂದೇ ಇಂಚಿದ್ದರೆ ಏನು ಮಾಡಬೇಕೆಂದು ಹೇಳಿಲ್ಲ. ಎರಡನೇ ಪಟ್ಟಿಯನ್ನು ಮೊದಲನೆಯದರ ಮೇಲೆ ಮುಖಕ್ಕೆ ಮುಖ ಕೊಟ್ಟು ಬೋರಲು ಹಾಕಿ, ಅಂಚಿನಿಂದ ಕಾಲು ಇಂಚು ಒಳಗೆ, ಕಾಗದವನ್ನೂ ಸೇರಿಸಿ ಹೊಲಿಯಬೇಕು. ಆಮೇಲೆ ಮಗುಚಿ, ಉಗುರಿನಿಂದ ಗೀರಿ, ಇಸ್ತ್ರಿ ಒತ್ತಬೇಕು. ಮೂರನೆಯದು, ನಾಲ್ಕನೆಯದು, ಹೀಗೆ ಎರಡೂ ಬದಿಗೆ ಹೋಗುತ್ತಿದ್ದರೆ ಮೂಲೆ ಬರುವ ಹೊತ್ತಿಗೆ ಹೆಬ್ಬೆರಳಗಲದ ತ್ರಿಕೋನವೊಂದು ಉಳಿಯುತ್ತದೆ. ಗಂಟಿನ ತಳದಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ತುಣುಕಿಗೆ ಅಲ್ಲಿ ಪೀಠ. ಕೊನೆಗೆ ಚೌಕವನ್ನು ಮಗುಚಿ, ಕಾಗದದ ಅಂಚಿನಿಂದ ಹೊರಗೆ ಚಾಚಿದ್ದನ್ನೆಲ್ಲ ಕತ್ತರಿಸಿದರೆ, ಅಲ್ಲಿಯವರೆಗೆ ಗೊಂದಲದಂತೆ ಕಂಡದ್ದು ತಟ್ಟನೆ ಚೌಕವಾಗುತ್ತದೆ. ಇಂಥ ನಾಲ್ಕು ಚೌಕ ಕೂಡಿಸಿದರೆ ನಡುವೆ ವಜ್ರಾಕೃತಿ.

ಕಾಗದದ ಮೇಲೆ ಹೊಲಿಯುವಾಗ ಹೊಲಿಗೆ ಸಣ್ಣದಿರಬೇಕು, ಒಂದೂವರೆಯಿಂದ ಎರಡು ಮಿಲಿಮೀಟರ್. ಆಗ ಸೂಜಿಯ ತೂತುಗಳು ಹತ್ತಿರ ಹತ್ತಿರ ಬಿದ್ದು ಕಾಗದ ಸಲೀಸಾಗಿ ಹರಿಯುತ್ತದೆ. ಸೂಜಿ 14 ನಂಬರಿನದಾದರೆ ಒಳ್ಳೆಯದು. ಕಾಗದ ಸೂಜಿಯನ್ನು ಮೊಂಡು ಮಾಡುವಷ್ಟು ಬೇಗ ಬಟ್ಟೆ ಮಾಡುವುದಿಲ್ಲ ಎಂಬುದು ಅನುಭವಸಿದ್ಧ. ಇನ್ನು ಕಾಗದವನ್ನು ಯಾವಾಗ ತೆಗೆಯಬೇಕು ಎಂಬಲ್ಲಿ ಆತುರಗಾರರು ಎಡವುತ್ತಾರೆ. ಪಟ್ಟಿಗಳು ಓರೆಯಾಗಿ ಮಲಗಿರುವುದರಿಂದ ಚೌಕದ ನಾಲ್ಕು ಅಂಚಿಗೂ ಬಟ್ಟೆಯ ಓರೆ ಬರುತ್ತದೆ. ಓರೆ ಅಂಚು ಎಳೆದರೆ ಜಗ್ಗುತ್ತದೆ. ಚೌಕಗಳನ್ನು ಒಂದಕ್ಕೊಂದು ಕೂಡಿಸುವವರೆಗೂ ಕಾಗದ ಬೆನ್ನಿಗಿದ್ದರೆ ಮಾತ್ರ ಅವು ಚೌಕವಾಗಿ ಉಳಿಯುತ್ತವೆ.

ತಳಹದಿಗೆ ಹಳೆಯ ವಾರ್ತಾಪತ್ರಿಕೆ ಬಳಸಿದರೆ ಅದರ ಶಾಯಿ ಬಿಸಿ ಇಸ್ತ್ರಿಗೆ ಹತ್ತುತ್ತದೆ, ಇಸ್ತ್ರಿಯಿಂದ ಬಿಳಿ ಪಟ್ಟಿಗೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಓದು. ಕಾಗದ ಹರಿಯಲು ಕೂತವರು ಹಳೆಯ ಪೇಪರಿನ ಅರ್ಧ ಸುದ್ದಿ ಓದಿ, ಉಳಿದರ್ಧ ಯಾವ ಚೌಕದ ಬೆನ್ನಲ್ಲಿದೆ ಎಂದು ಹುಡುಕಲು ಹೋಗಿ ಸಂಜೆ ಮಾಡುತ್ತಾರೆ. ಇದನ್ನು ವ್ಯಸನ ಎಂದು ತಳ್ಳಿಹಾಕುವಂತಿಲ್ಲ, ಅದು ಶಾಸನಾಧ್ಯಯನ. 1718ರ ಇಸವಿಯನ್ನೇ ಮೈಮೇಲೆ ಹೊತ್ತ ರೇಷ್ಮೆಯ ಹೊದಿಕೆಯೊಂದು ಇಂಗ್ಲೆಂಡಿನಲ್ಲಿದೆ. ಹೊಲಿದವರು ಒಳಗಿನ ಕಾಗದದ ಅಚ್ಚುಗಳನ್ನು ತೆಗೆಯದೆ ಬಿಟ್ಟದ್ದರಿಂದ ಇವತ್ತಿನ ವಿದ್ವಾಂಸರಿಗೆ ಕೆಲಸ ಸಿಕ್ಕಿದೆ. ಮುಂದಿನ ಶತಮಾನದ ಸಂಶೋಧಕ ನಮ್ಮ ಹೊದಿಕೆಯ ಹೊಲಿಗೆ ಬಿಚ್ಚಿದಾಗ ಅವನಿಗೆ ಸಿಗುವುದು 'ವಧು ಬೇಕಾಗಿದ್ದಾಳೆ' ಅಂಕಣದ ಎಡ ಅರ್ಧ. ವರನಿಗೆ ಸರ್ಕಾರಿ ನೌಕರಿ ಇತ್ತೋ ಇಲ್ಲವೋ ಎಂಬುದು ಬಲ ಅರ್ಧದಲ್ಲಿರುತ್ತದೆ.

ಗಡಿರೇಖೆಯ ಸಾಧನೆ

ಈಗ ಪ್ರಬಂಧದ ಹೃದಯಭಾಗ. ಚೂರಿಗೂ ಕಸಕ್ಕೂ ನಡುವೆ ಗೆರೆ ಎಲ್ಲಿದೆ? ಪಟ್ಟಿಯ ಎರಡೂ ಬದಿಗೆ ಕಾಲುಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಒಂದೂವರೆ ಇಂಚಿನ ಪಟ್ಟಿ ಒಂದು ಇಂಚು ಕಾಣುತ್ತದೆ. ಒಂದು ಇಂಚಿನದು ಅರ್ಧ ಕಾಣುತ್ತದೆ. ಮುಕ್ಕಾಲು ಇಂಚಿನದು ಕಾಲು. ಅರ್ಧ ಇಂಚಿನ ಪಟ್ಟಿಯನ್ನು ಶ್ರದ್ಧೆಯಿಂದ ಹೊಲಿದರೆ ಕಾಣುವುದು ಸೊನ್ನೆ. ಅದು ಇದೆ, ದಾರ ತಿಂದಿದೆ, ಹೊದಿಕೆಯ ತೂಕ ಹೆಚ್ಚಿಸಿದೆ, ಆದರೆ ಲೋಕಕ್ಕೆ ಗೋಚರವಿಲ್ಲ. ಪಟ್ಟಿಗೆ ಇದು ಮೋಕ್ಷ, ಹೊಲಿದವರಿಗೆ ವೈರಾಗ್ಯ. ಆದ್ದರಿಂದ ಅರ್ಧ ಇಂಚೇ ಗಡಿರೇಖೆ ಎಂದು ಸಿದ್ಧವಾಯಿತು.

ಪಟ್ಟಿ ಸಪೂರವಾದಷ್ಟೂ ಒಳಗೆ ಅವಿತ ಬಟ್ಟೆಯ ಪಾಲು ಹೆಚ್ಚು, ಹೊದಿಕೆ ಭಾರ. ಮಿತವ್ಯಯದ ಪರಾಕಾಷ್ಠೆಯನ್ನು ಹೊದ್ದು ಮಲಗಿದವರು ಮಗ್ಗುಲು ಬದಲಿಸಲು ಇನ್ನೊಬ್ಬರ ಸಹಾಯ ಬೇಡುವುದು ಇದರಿಂದಲೇ. ಅಂದ ಹಾಗೆ, ಕಾಲು ಇಂಚು ಸಾಕೆನ್ನುವ ಕ್ವಿಲ್ಟ್‌ಗಾರರಿಗಿಂತ ರವಿಕೆಯೊಳಗೆ ಇಂಚುಗಟ್ಟಲೆ ಮಾರ್ಜಿನ್ ಬಿಡುವ ನಮ್ಮ ಟೇಲರುಗಳು ದೊಡ್ಡ ದಾರ್ಶನಿಕರು. ಮದುವೆಯಾಗಿ ಎರಡು ವರ್ಷದ ಮೇಲಿನ ಗ್ರಾಹಕಿಯನ್ನು ಅವರು ಅಳತೆಯ ದಿನವೇ ಕಂಡಿರುತ್ತಾರೆ.

ತಳಹದಿಯ ಬಗ್ಗೆ ಮೂರು ದರ್ಶನಗಳು

ಕಾಗದದ ತಳಹದಿ ಇಟ್ಟುಕೊಂಡು ಕೊನೆಗೆ ಹರಿದೆಸೆಯುವವರು ಅದ್ವೈತಿಗಳು. ಅವರಿಗೆ ಕಾಗದ ಮಿಥ್ಯೆ. ಅದರ ಉಪಯೋಗ ವ್ಯವಹಾರದ ಮಟ್ಟಿಗೆ ಮಾತ್ರ. ತೆಳು ಮಸ್ಲಿನ್ ಬಟ್ಟೆಯ ಮೇಲೆ ಹೊಲಿದು ಅದನ್ನು ಒಳಗೇ ಬಿಡುವವರು ವಿಶಿಷ್ಟಾದ್ವೈತಿಗಳು: ತಳಹದಿ ಕಾಣುವುದಿಲ್ಲ, ಆದರೆ ಅದಿಲ್ಲದೆ ಪಟ್ಟಿಗಳಿಗೆ ಇರವಿಲ್ಲ. ನಮ್ಮ ಕೌದಿಯವರು ಅಪ್ಪಟ ದ್ವೈತಿಗಳು. ಹಳೆಯ ಸೀರೆಯೇ ತಳ, ಅದು ಕೊನೆಯವರೆಗೂ ಸೀರೆಯೇ. ಮಗುಚಿದರೆ ಹಿಂದಿನಿಂದ ಇಡೀ ಇಳಕಲ್ ಕಾಣುತ್ತದೆ, 'ಇದು ನಮ್ಮ ಅಜ್ಜೀದು' ಎಂದು ಬೊಟ್ಟು ಮಾಡಿ ತೋರಿಸಬಹುದು. ಉಡುಪಿಯವರಿಗೆ ಈ ವಾದ ಒಪ್ಪಿಗೆಯಾದೀತು. ಶೃಂಗೇರಿಯ ಕಡೆಯವರು ಬಯಸಿದರೆ ಮರುಪ್ರಬಂಧ ಬರೆಯಲಿ.

ಹೊರನಾಡು, ಒಳನಾಡು

ಅಮೆರಿಕದ ಅಲಬಾಮಾ ನದಿ ತಿರುಗುವ ಕಡೆ, ಮೂರು ಕಡೆ ನೀರಿನಿಂದ ಆವೃತವಾದ ಜೀಸ್ ಬೆಂಡ್ ಎಂಬ ಊರಿದೆ. ಗುಲಾಮರಾಗಿದ್ದವರ ಸಂತತಿಯವರ ಊರು. ಮರದ ಗೋಡೆಯ ಸಂದಿಯಿಂದ ಗಾಳಿ ನುಗ್ಗದಿರಲಿ ಎಂದು ಒಳಗೆ ಪತ್ರಿಕೆಯ ಹಾಳೆ ಅಂಟಿಸಿ, ಹೊಲದಲ್ಲಿ ದುಡಿದು ಮಂಡಿ ಹರಿದ ಪ್ಯಾಂಟುಗಳಿಂದ, ಸವೆದ ಅಂಗಿಗಳಿಂದ ಅಲ್ಲಿನ ಹೆಂಗಸರು ಹೊದಿಕೆ ಹೊಲಿದರು. ಮತದ ಹಕ್ಕು ಕೇಳುವ ಕಾಲ ಬಂದಾಗ, 1962ರಲ್ಲಿ, ನದಿ ದಾಟಿಸುತ್ತಿದ್ದ ದೋಣಿಯೇ ನಿಂತುಹೋಯಿತು. 1966ರಲ್ಲಿ ಆ ಸೀಮೆಯ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಕಟ್ಟಿಕೊಂಡರು. 2002ರಲ್ಲಿ ಅದೇ ಹೊದಿಕೆಗಳು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿಯಲ್ಲಿ ತೂಗಿದವು. ವಿಮರ್ಶಕರು ಮತೀಸ್, ಪಾಲ್ ಕ್ಲೀ ಎಂದು ದೊಡ್ಡ ಹೆಸರುಗಳನ್ನೇ ತೆಗೆದರು. 2006ರಲ್ಲಿ ಹತ್ತು ಕ್ವಿಲ್ಟ್‌ಗಳು ಅಮೆರಿಕದ ಅಂಚೆಚೀಟಿಯ ಮೇಲೆ ಬಂದವು. ದೋಣಿ ಮತ್ತೆ ಓಡತೊಡಗಿದ್ದೂ 2006ರಲ್ಲೇ. ಹೊದಿಕೆಗೆ ಸಂಗ್ರಹಾಲಯದ ಗೋಡೆ ಸಿಕ್ಕ ನಾಲ್ಕು ವರ್ಷದ ಮೇಲೆ ಹೊಲಿದವರಿಗೆ ದೋಣಿ ಸಿಕ್ಕಿತು ಎಂಬ ಕಾಲಾನುಕ್ರಮಣಿಕೆಯನ್ನು ಪ್ರಾಜ್ಞರು ಗಮನಿಸತಕ್ಕದ್ದು.

ಇತ್ತ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಹೆಂಗಸರ ಕೌದಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ತರಲ್ಪಟ್ಟು ಕಾಡು ಸೇರಿಕೊಂಡವರ ಮನೆಗಳಿವು. ಹಳೆಯ ಸೀರೆ ಹಾಸಿ, ತುಂಡಿನ ಅಂಚು ಮಡಚಿ, ಹೊರ ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ. ಮಷೀನಿಲ್ಲ, ಇಸ್ತ್ರಿಯಿಲ್ಲ, ಅಳತೆಪಟ್ಟಿಯಿಲ್ಲ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫೂಲ' ಕೂತ ಮೇಲೆಯೇ ಕೆಲಸ ಮುಗಿಯಿತು ಎನ್ನುವುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಇವನ್ನು ಅಭ್ಯಾಸ ಮಾಡಿ ಅಮೆರಿಕದಲ್ಲಿ ಪ್ರದರ್ಶನಕ್ಕಿಟ್ಟರು. ಅಷ್ಟು ದೂರದಿಂದ ಬಂದವರಿಗೆ ಕಂಡದ್ದು ಹುಬ್ಬಳ್ಳಿಯಿಂದ ಬಸ್ಸು ಹತ್ತಿದರೆ ಸಾಕಿದ್ದ ನಮ್ಮ ವಿದ್ವಾಂಸರಿಗೆ ಬೇಗ ಕಾಣಲಿಲ್ಲ. ನಮಗೆ ಕೌದಿ ಎಂದರೆ ನೆಂಟರು ಹೆಚ್ಚಾದಾಗ ಅಟ್ಟದಿಂದ ಇಳಿಸುವ ವಸ್ತು.

ಅವಿನಾಶಿತ್ವ

ಉಳಿದಿರುವುದು ಒಂದೇ ಪ್ರಶ್ನೆ: ಹೊಲಿದರೆ ಚೂರು ಮುಗಿಯುತ್ತದೆಯೆ?

ಅಮೆರಿಕದಲ್ಲಿ ಮುಗಿದಿರಬೇಕು. ಇಲ್ಲವಾದರೆ ಜೆಲ್ಲಿ ರೋಲ್ ಎಂಬ ಸರಕಿಗೆ ಅಲ್ಲಿ ಅರ್ಥವಿಲ್ಲ. ಹೊಚ್ಚಹೊಸ ಬಟ್ಟೆಯನ್ನು ಎರಡೂವರೆ ಇಂಚಿನ ಪಟ್ಟಿಗಳಾಗಿ ಮೊದಲೇ ಕತ್ತರಿಸಿ, ನಲವತ್ತರ ಆಸುಪಾಸು ಪಟ್ಟಿ ಸೇರಿಸಿ ಸುರುಳಿ ಸುತ್ತಿ, ರಿಬ್ಬನ್ ಕಟ್ಟಿ ಮಾರುತ್ತಾರೆ. ನಿನ್ನೆಯ ಅನ್ನ ಉಳಿದಿಲ್ಲವೆಂದು ಚಿತ್ರಾನ್ನಕ್ಕಾಗಿ ಹೊಸದಾಗಿ ಅನ್ನ ಮಾಡಿ ರಾತ್ರಿಯಿಡೀ ಆರಲು ಬಿಟ್ಟ ಹಾಗೆ. ಬಡತನದಿಂದ ಹುಟ್ಟಿದ ವಿದ್ಯೆಯೊಂದು ಬಡತನವನ್ನು ಅಂಗಡಿಯಲ್ಲಿ ಕೊಳ್ಳುವ ಹಂತ ಮುಟ್ಟಿದಾಗ ಅದಕ್ಕೆ ಹವ್ಯಾಸ ಎಂಬ ಬಿರುದು ಸಲ್ಲುತ್ತದೆ.

ನಮ್ಮಲ್ಲಿ ಮಾತ್ರ ಚೂರು ಅವಿನಾಶಿ. ಪ್ರತಿ ಚೌಕದ ಅಂಚು ಸವರಿದಾಗಲೂ ನಾಲ್ಕು ಬದಿಗೆ ಓರೆ ತುಣುಕುಗಳು ಬೀಳುತ್ತವೆ. ಅವು ಅರ್ಧ ಇಂಚಿನ ಗಡಿರೇಖೆಯ ಕೆಳಗಿನವು, ಆದ್ದರಿಂದ ಶಾಸ್ತ್ರಪ್ರಕಾರ ಕಸ. ಆದರೆ ಸಂಗ್ರಹವಾದಿ ಅವನ್ನು ಕಸದ ಬುಟ್ಟಿಗೆ ಹಾಕಿದ ನಿದರ್ಶನ ಕ್ಷೇತ್ರಕಾರ್ಯದಲ್ಲಿ ದೊರೆತಿಲ್ಲ. ಪ್ರಬಂಧ ಓದಿ ಹೇಳಿದ ಮೇಲೂ ದೊರೆತಿಲ್ಲ. ಅವು ಬೇರೊಂದು ಚೀಲಕ್ಕೆ ಹೋಗುತ್ತವೆ. ಚೀಲ ತುಂಬಿದ ಮೇಲೆ ದಿಂಬಿನೊಳಗೆ ತುಂಬಲು ಬರುತ್ತವೆ. ದಿಂಬು ತುಂಬಿದ ಮೇಲೆ ಅದಕ್ಕೊಂದು ಗವಸು ಬೇಕು. ಗವಸಿಗೆ ಚೂರುಗಳ ಬಣ್ಣಕ್ಕೆ ಒಪ್ಪುವ ಬಟ್ಟೆ ಮನೆಯಲ್ಲಿಲ್ಲ, ಪೇಟೆಯಿಂದ ತರಬೇಕು. ಟೇಲರ್ ಮುಕ್ಕಾಲು ಮೀಟರ್ ಸಾಕು ಅಂದಿದ್ದ. ಕಡಿಮೆ ಬಿದ್ದೀತು ಎಂದು ಒಂದೂವರೆ ಮೀಟರ್ ತಂದಾಗಿದೆ.