ರೀಸ್ಟಾರ್ಟ್ ರಾಯರು

ವೈಫೈ ಹೋದ ಸುದ್ದಿ ವೈಫೈ ಇಲ್ಲದೆಯೂ ಎಷ್ಟು ಬೇಗ ಹಬ್ಬುತ್ತದೆ ಎಂಬುದಕ್ಕೆ ರೀಸ್ಟಾರ್ಟ್ ರಾಯರೇ ಸಾಕ್ಷಿ. ಬೆಂಗಳೂರಾಗಲಿ ಮೈಸೂರಾಗಲಿ, ಬಡಾವಣೆಗೊಬ್ಬರು ಇರುತ್ತಾರೆ. ರಾಯರೇ ಆಗಬೇಕೆಂದಿಲ್ಲ, ಗೌಡರೋ ಶೆಟ್ಟರೋ ಆಗಿರಬಹುದು. ಆದರೆ ನಿವೃತ್ತರಾಗಿರಬೇಕು, ಜೇಬಿನಲ್ಲಿ ಟೆಸ್ಟರ್ ಇರಬೇಕು. ಮಗಳ ಆನ್‌ಲೈನ್ ಕ್ಲಾಸು ನಿಂತು, ಅಳಿಯನ ಮೀಟಿಂಗು ನಡುವೆಯೇ ಕಟ್ ಆಗಿ, ಮನೆಮಂದಿ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಗೇಟಿನ ಸದ್ದು.

ಬಂದವರು ರೂಟರ್ ನೋಡುವುದಿಲ್ಲ, ನಿಮ್ಮನ್ನು ನೋಡುತ್ತಾರೆ.

“ಆಫ್ ಮಾಡಿ ಆನ್ ಮಾಡಿದ್ರಾ?”

“ಮಾಡಿದ್ವಿ ರಾಯರೇ.”

“ಎಷ್ಟು ಹೊತ್ತು ಬಿಟ್ರಿ?”

“ಆಫ್ ಮಾಡಿದ್ವಿ, ಹಾಗೇ ಆನ್ ಮಾಡಿದ್ವಿ.”

“ನೋಡಿ! ಅಲ್ಲೇ ಎಡವಿದ್ದು ನೀವು. 30 ಸೆಕೆಂಡ್ ಬಿಡ್ಬೇಕು.”

ಒಳಗಿನ ಕೆಪಾಸಿಟರುಗಳಲ್ಲಿ ಉಳಿದ ಕರೆಂಟು ಇಳಿಯಬೇಕು, ಮೆಮೊರಿ ಖಾಲಿಯಾಗಬೇಕು, ಆಮೇಲೆ ಸ್ವಿಚ್. ಇದು ನಿಜವೇ. ರಾಯರ ಕಾಟವೇ ಇದು: ಅವರು ಹೇಳುವುದೆಲ್ಲ ನಿಜ. ಸುಳ್ಳು ಹೇಳುವವರಾಗಿದ್ದರೆ ಕಾಫಿ ಕೊಟ್ಟು ಕಳಿಸಿಬಿಡಬಹುದಿತ್ತು.

ಆ 30 ಸೆಕೆಂಡಿನಲ್ಲಿ ಟ್ರಂಕ್ ಕಾಲ್ ಕಾಲದ ಒಂದು ಕಥೆ ಶುರುವಾಗುತ್ತದೆ. ಕಥೆ ಮುಗಿಯುವ ತನಕ ಸ್ವಿಚ್ ಹಾಕುವಂತಿಲ್ಲ.

ಹಾಕಿದರೂ ನೆಟ್ ಬರಲಿಲ್ಲವೋ, ರಾಯರ ಮುಖ ಅರಳುತ್ತದೆ. ಈಗ ರೂಟರಿನ ಸ್ಥಳ ಮಹಾತ್ಮೆ. “ಅಕ್ವೇರಿಯಂ ಪಕ್ಕದಲ್ಲಿ ಇಟ್ಟಿದ್ದೀರಲ್ರೀ! ನೀರು ಸಿಗ್ನಲ್ ನುಂಗುತ್ತೆ.” ಅಷ್ಟರಲ್ಲಿ ಅಡುಗೆಮನೆಯಲ್ಲಿ ಮೈಕ್ರೋವೇವ್ ಗುಂಯ್‌ಗುಟ್ಟುತ್ತದೆ. “ಮೊದಲು ಅದನ್ನ ನಿಲ್ಸಿ ತಾಯಿ! ಅದೂ 2.4 ಗಿಗಾಹರ್ಟ್ಸ್, ಇದೂ 2.4 ಗಿಗಾಹರ್ಟ್ಸ್. ಒಂದೇ ರಸ್ತೇಲಿ ಇಬ್ರೂ ಹೋದ್ರೆ ಹೇಗೆ?” ಇದೂ ನಿಜ. ಅತ್ತೆಯವರ ಉಪ್ಪಿಟ್ಟು ಅರೆಬಿಸಿಯಲ್ಲೇ ಹೊರಗೆ ಬರುತ್ತದೆ. ರೂಟರ್ ಅಕ್ವೇರಿಯಂ ಪಕ್ಕದಿಂದ ಷೋಕೇಸಿನ ಮೇಲಕ್ಕೆ, ಗಣಪತಿಯ ಬಲಕ್ಕೆ ಏರುತ್ತದೆ. “ಫೈಬರ್ ಮಡಚಬಾರದು, ಒಳಗೆ ಹೋಗೋದು ಬೆಳಕು, ಕರೆಂಟಲ್ಲ” ಎಂದು ರಾಯರು ಎಚ್ಚರಿಸುವಾಗ ಆ ಫೈಬರು ಅವರ ಕಾಲಡಿಯಲ್ಲೇ ಇರುತ್ತದೆ.

ಇನ್ನು ಮೂರನೆಯ ಅಂಕ. ಮೊಬೈಲಿನಲ್ಲಿ 192.168.1.1 ಒತ್ತಿ ರೂಟರಿನ ಹೊಟ್ಟೆಯೊಳಗೆ ಇಳಿಯುತ್ತಾರೆ. ಅದರ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಪೆಟ್ಟಿಗೆಯ ತಳದ ಚೀಟಿಯಲ್ಲಿದೆ ಎಂಬುದು ರಾಯರಿಗೆ ಗೊತ್ತು. ಅಕ್ಕಪಕ್ಕದವರ ವೈಫೈಗಳೆಲ್ಲ ಆರನೇ ಚಾನೆಲ್‌ನಲ್ಲೇ ಕಿಕ್ಕಿರಿದಿವೆ ಎಂದು ಪತ್ತೆಹಚ್ಚಿ, 1, 6, 11 ಮಾತ್ರ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದು ಪಾಠ ಹೇಳಿ, ನಿಮ್ಮನ್ನು ಹನ್ನೊಂದಕ್ಕೆ ಸಾಗಿಸುತ್ತಾರೆ. ಬಂದ ಕೈಗೆ ಇನ್ನೊಂದು ಕೆಲಸವಿರಲಿ ಎಂದು ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಬದಲಿಸುತ್ತಾರೆ.

ಮೊಬೈಲಿನಲ್ಲಿ ಕಡ್ಡಿಗಳೆಲ್ಲ ತುಂಬಿವೆ. ನೆಟ್ ಮಾತ್ರ ಇಲ್ಲ. ಏಕೆಂದರೆ ವೈಫೈ ಮೊದಲಿನಿಂದಲೂ ಚೆನ್ನಾಗೇ ಇತ್ತು, ಮನೆಗೆ ಬಾರದೆ ಹೋಗಿದ್ದು ಇಂಟರ್ನೆಟ್ಟು.

“ತಾತಾ, ಇದು ಕೆಂಪಗೆ ಮಿಣುಕ್ತಾ ಇದೆ” ಎಂದು ಪುಟ್ಟಿ ಆಗಿನಿಂದಲೂ ಹೇಳುತ್ತಲೇ ಇದ್ದಳು.

“ಇರು ಪುಟ್ಟಾ, ಅದಕ್ಕೂ ಬರ್ತೀನಿ.”

ಆ ದೀಪದ ಕೆಳಗೆ ಎಲ್‌ಓಎಸ್ ಎಂದಿದೆ. ಹೊರಗಿನಿಂದ ಬರಬೇಕಾದ ಬೆಳಕೇ ಪೆಟ್ಟಿಗೆಗೆ ತಲುಪಿಲ್ಲ ಎಂದು ಅರ್ಥ. ನಮ್ಮ ಊರುಗಳಲ್ಲಿ ಫೈಬರು ಲೈಟ್ ಕಂಬದಿಂದ ಹೊಂಗೆ ಮರಕ್ಕೆ, ಮರದಿಂದ ಯಾರದೋ ಬಾಲ್ಕನಿಗೆ, ಅಲ್ಲಿಂದ ನಿಮ್ಮ ಕಿಟಕಿಗೆ ಬರುತ್ತದೆ. ಬೆಳಿಗ್ಗೆ ಯಾರೋ ಕೊಂಬೆ ಕಡಿದಿದ್ದರು.

ಕೇಬಲ್ ಹುಡುಗ ಬಂದ. ಚಪ್ಪಲಿ ಸಹ ಬಿಡದೆ ಬಾಗಿಲಿನಿಂದಲೇ ಕೆಂಪು ದೀಪ ನೋಡಿ ಹೊರಟ. ಸ್ಕೂಟರ್ ಸೀಟಿನ ಮೇಲೆ ಸ್ಪ್ಲೈಸಿಂಗ್ ಮಷೀನ್ ಇಟ್ಟುಕೊಂಡು, ಕೂದಲಿನಷ್ಟು ತೆಳ್ಳಗಿನ ಎರಡು ಗಾಜಿನೆಳೆಗಳನ್ನು ಬೆಸೆದ. ಕೆಂಪು ದೀಪ ಆರಿತು, ನೆಟ್ ಬಂತು.

“ನಾನೂ ಅದನ್ನೇ ಹೇಳೋನಿದ್ದೆ” ಎಂದರು ರಾಯರು, ಸ್ವಲ್ಪ ಬೇಸರದಿಂದ. ಕೆಟ್ಟಿದ್ದು ಇಷ್ಟು ಬೇಗ ಸರಿಹೋಗುವುದು ಅವರಿಗೆ ಒಗ್ಗುವುದಿಲ್ಲ. ಆದರೆ ರಾತ್ರಿ ಟಿವಿ, ಲ್ಯಾಪ್‌ಟಾಪು, ಅತ್ತೆಯವರ ಫೋನು ಎಲ್ಲವೂ ಹೊಸ ಪಾಸ್‌ವರ್ಡ್ ಕೇಳಿದಾಗ ಮನೆಯವರು ಯಾರಿಗೆ ಫೋನ್ ಮಾಡಬೇಕು ಹೇಳಿ!

ಆದ್ದರಿಂದ ಓದುಗರಲ್ಲಿ ಒಂದು ಮಾತು. ಕೆಂಪು ದೀಪ ಮಿನುಗುತ್ತಿದ್ದರೆ ರಾಯರನ್ನು ಕರೆಯಬೇಡಿ, ಕಂಪನಿಗೆ ಫೋನ್ ಮಾಡಿ. ದೀಪವೆಲ್ಲ ಹಸಿರಿದ್ದೂ ನೆಟ್ ಇಲ್ಲವೆಂದರೆ ತಿಂಗಳ ಪ್ಲಾನ್ ಮುಗಿದಿದೆಯೇ ನೋಡಿ. ಅದೂ ಸರಿಯಿದ್ದರೆ ರಾಯರೇ ಗತಿ. ಅವರ ಕಾಫಿಗೆ ಸಕ್ಕರೆ ಹಾಕಬೇಡಿ.