ನಾಮರಹಿತ ಭೋಜನ ಮೀಮಾಂಸೆ

ಕೀಟೊ, ಪೇಲಿಯೊ ಮೊದಲಾದ ಯಾವ ಹಣೆಪಟ್ಟಿಗೂ ಸಿಗದೆ ಉಂಡವರನ್ನು ಗಟ್ಟಿಯಾಗಿಡುವ ಆಹಾರಕ್ರಮವೇ ನಾಮರಹಿತ ಭೋಜನ. ಇದರ ಶಾಸ್ತ್ರೀಯ ಲಕ್ಷಣ: ದೇಶಕಾಲಸನ್ನಿಹಿತ ಧಾನ್ಯ-ದ್ವಿದಳ-ಪತ್ರಶಾಕ ಸಮುಚ್ಚಯ. ಮಂಡ್ಯದ ಕಡೆ ಮುದ್ದೆ, ಬಸ್ಸಾರು ಅನ್ನುತ್ತಾರೆ. ಹಾಗೆಂದರೆ ಎಲ್ಲರಿಗೂ ಅರ್ಥವಾಗಿಬಿಡುವ ಅಪಾಯವಿರುವುದರಿಂದ ವಿದ್ವಾಂಸರು ಅದನ್ನು ಬಳಸುವುದಿಲ್ಲ.

ಈ ಕ್ಷೇತ್ರದ ಆದ್ಯ ತೌಲನಿಕ ಪ್ರಯೋಗ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿದೆ. ಭತ್ತಕ್ಕೂ ರಾಗಿಗೂ ಮೇಲುಕೀಳಿನ ಜಗಳ ಹತ್ತಿದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಬಂದಾಗ ಭತ್ತ ಕಳೆಗುಂದಿತ್ತು, ರಾಗಿ ಇದ್ದಂತೆಯೇ ಇತ್ತು. ಪ್ರಾಯೋಜಕರ ಹೆಸರಾಗಲಿ ಕೊನೆಯಲ್ಲಿ ರಿಯಾಯಿತಿ ಕೂಪನ್ನಾಗಲಿ ಇಲ್ಲದ ಕಾರಣ ಪಥ್ಯಗುರುಗಳು ಈ ಪ್ರಯೋಗವನ್ನು ಮಾನ್ಯ ಮಾಡಿಲ್ಲ.

ಪಥ್ಯಪಂಥಗಳು ಏಳು. ಮೊದಲನೆಯದು ವರ್ಜನಾವಾದ: ಒಂದು ಪದಾರ್ಥವನ್ನು ಹಿಡಿದು ಸಕಲ ಪಾಪವನ್ನೂ ಅದರ ತಲೆಗೆ ಕಟ್ಟುವುದು. ಪಿಷ್ಟವನ್ನು ದೂರವಿಡುವ ಕೀಟೊ ಈ ಪಂಥದ್ದು. 1920ರ ದಶಕದಲ್ಲಿ ಅಮೆರಿಕದ ವೈದ್ಯರು ಅದನ್ನು ಮೂರ್ಛೆರೋಗಕ್ಕೆ ಕೊಡುತ್ತಿದ್ದರು. ಈಗ ಮದುವೆಯ ಶೇರ್ವಾನಿಯ ಗುಂಡಿ ಹಾಕಿಕೊಳ್ಳಲು ಆಚರಿಸಲಾಗುತ್ತದೆ. ಎರಡನೆಯದು ಘಟಿಕಾವಾದ: ಏನು ತಿಂದರೆಂಬುದಲ್ಲ, ಎಷ್ಟು ಗಂಟೆಗೆ ತಿಂದರೆಂಬುದೇ ಪರಮಾರ್ಥ. ಏಕಾದಶಿ ಮಾಡುತ್ತಿದ್ದ ಅಜ್ಜಿಯರು ಆ್ಯಪ್ ಇಟ್ಟುಕೊಳ್ಳದ್ದರಿಂದ ಅವರ ಉಪವಾಸ ಲೆಕ್ಕಕ್ಕಿಲ್ಲ. ಮೂರನೆಯದು ಪುನರಾವಿಷ್ಕಾರವಾದ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಸಾರಿದ ಮೇಲೆ, ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಕರ್ನಾಟಕದಲ್ಲೇ ರಾಗಿಯನ್ನು ಹೊಸದಾಗಿ ಕಂಡುಹಿಡಿಯಲಾಯಿತು. ಮುದ್ದೆ ಉಣ್ಣುವವರನ್ನು ನೋಡಿ ನಗುತ್ತಿದ್ದವರು ರಾಗಿ ಕುಕ್ಕಿಯ ಡಬ್ಬಿ ಹಿಡಿದು ಉಪನ್ಯಾಸ ಕೊಡುತ್ತಾರೆ. ಉಳಿದ ನಾಲ್ಕು ಪಂಥಗಳು ಈ ಮೂರರ ವೇಷಾಂತರ. ವಿವರಿಸುತ್ತ ಕೂತರೆ ಸಾರು ಆರುತ್ತದೆ.

ತಟ್ಟೆಯ ಲೆಕ್ಕ ಇಷ್ಟು ಕಠಿಣವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯದ ಪ್ರೋಟೀನಿನಲ್ಲಿ ಕಡಿಮೆಯಿರುವ ಲೈಸಿನ್ ಅನ್ನು ಅವರೆಕಾಳು, ಹುರುಳಿ ತುಂಬಿಕೊಡುತ್ತವೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ನಿಂಬೆಹುಳಿ ನೆರವಾಗುತ್ತದೆ, ಊಟವಾದೊಡನೆ ಕುಡಿಯುವ ಟೀ ಅಡ್ಡಬರುತ್ತದೆ. ಬಸ್ಸಾರಿನಲ್ಲಿ ಸೊಪ್ಪು, ಕಾಳು ಬೆಂದ ನೀರನ್ನು ಚೆಲ್ಲುವುದಿಲ್ಲ. ಬಸಿದು ಅದನ್ನೇ ಸಾರು ಮಾಡುತ್ತಾರೆ. ವಿಜಯಪುರದ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿಯಲ್ಲೂ ಕರಾವಳಿಯ ಕುಚಲಕ್ಕಿ ಗಂಜಿ, ಮೀನು ಸಾರಿನಲ್ಲೂ ಇದೇ ಕೂಡಿಕೆ. ಹಳೆಯದೆಲ್ಲ ಹೊನ್ನೇನಲ್ಲ: ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗೆ ಉಪ್ಪಿನಕಾಯಿ, ಹಪ್ಪಳಗಳು ಬಗ್ಗುವುದಿಲ್ಲ. ಗದ್ದೆ ಉತ್ತವನ ಮುದ್ದೆಯ ಗಾತ್ರವನ್ನು ಕುರ್ಚಿಯಲ್ಲಿ ಕೂತು ದುಡಿಯುವವನು ಅನುಸರಿಸಿದರೆ ಹೊಟ್ಟೆಯೇ ಸಾಕ್ಷಿ ಹೇಳುತ್ತದೆ.

ಇನ್ನು ಅಧಿಕಾರಿನಿರ್ಣಯ, ಅಂದರೆ ಹಣೆಪಟ್ಟಿ ಹಚ್ಚುವ ಹಕ್ಕು ಯಾರಿಗೆಂಬ ವಿಚಾರ. 2021ರ ಡಿಸೆಂಬರ್‌ನಲ್ಲಿ ರಾಜ್ಯದ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡವೆಂದವರಿಗೆ ಬಾಳೆಹಣ್ಣಿತ್ತು, ಆದರೂ ರಾದ್ಧಾಂತ. ಹಸಿದು ಶಾಲೆಗೆ ಬಂದ ಮಗುವಿನ ಕೈಯ ಮೊಟ್ಟೆ ಸಾತ್ವಿಕವೋ ತಾಮಸವೋ ಎಂದು ಹೊಟ್ಟೆ ತುಂಬಿದವರು ಚರ್ಚಿಸುವುದಕ್ಕೆ ಯಾವ ಶಾಸ್ತ್ರದ ಹೆಸರಿಟ್ಟರೂ ಅದು ನಾಚಿಕೆಗೇಡು.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಇವರಾರೂ ಪಥ್ಯದ ಆಯ್ಕೆಯಲ್ಲಿ ತಪ್ಪಿದವರಲ್ಲ. ಎಷ್ಟೋ ಮನೆಗಳಲ್ಲಿ ಬೇಯಿಸಿದವಳು ಉಣ್ಣಲು ಕೂರುವುದು ಎಲ್ಲರೂ ಎದ್ದ ಮೇಲೆ. ಅಷ್ಟರಲ್ಲಿ ಕಾಳು, ಸೊಪ್ಪು ಗಂಡಸರ ತಟ್ಟೆಗೆ, ಮಕ್ಕಳ ತಟ್ಟೆಗೆ ಹೋಗಿರುತ್ತವೆ. ತಿಳಿಸಾರಿಗೆ ಇನ್ನಷ್ಟು ನೀರು ಬಿದ್ದಿರುತ್ತದೆ. ಅವಳ ಊಟಕ್ಕೂ ಹೆಸರಿಲ್ಲ.