ಜಾಝ್ ರಸಿಕಶಾಸ್ತ್ರ ಪ್ರವೇಶಿಕೆ

ಜಾಝ್ ಸಂಗೀತದ ಬಗ್ಗೆ ಗ್ರಂಥಗಳು ರಾಶಿ ಬಿದ್ದಿವೆ. ಜಾಝ್ ಕೇಳುವವರ ಬಗ್ಗೆ ಲಕ್ಷಣಗ್ರಂಥ ಒಂದೂ ಇಲ್ಲದಿರುವುದು ವಿದ್ವತ್ ಲೋಕಕ್ಕೆ ಶೋಭೆಯಲ್ಲ. ಆ ಕೊರತೆ ನೀಗಲೆಂದು ಪ್ರಸ್ತುತ ಪ್ರಬಂಧ ಹೊರಟಿದೆ. ಮೊದಲು ಹಾಕಿಕೊಂಡ ಯೋಜನೆಯಂತೆ ಎರಡನೆಯ ಅಧ್ಯಾಯ ಸಂಗೀತಕ್ಕೆ ಮೀಸಲಾಗಿತ್ತು. ರಸಿಕರ ಮಾತುಕತೆಯನ್ನು ಕೂಲಂಕಷವಾಗಿ ಪರಿಶೀಲಿಸಿದಾಗ ಅದರಲ್ಲಿ ಸಂಗೀತದ ಪಾಲು ಅತ್ಯಲ್ಪವೆಂದು ಕಂಡುಬಂದದ್ದರಿಂದ ಆ ಅಧ್ಯಾಯವನ್ನು ಕೈಬಿಡಲಾಗಿದೆ. ಶಾಸ್ತ್ರಕ್ಕೆ ಇದರಿಂದ ನಷ್ಟವೇನೂ ಆಗಿಲ್ಲ.

ರಸಿಕನೆಂದರೆ ಯಾರು? ಒಂದೇ ರೆಕಾರ್ಡನ್ನು ಒಮ್ಮೆ ಕೊಂಡು ಕೇಳುತ್ತ ಕೂತವನು ಬರೀ ಶ್ರೋತೃ. ಅವನಿಗೆ ಇಲ್ಲಿ ಅಧಿಕಾರವಿಲ್ಲ. ಎರಡು ಸಲ ಕೊಂಡವನು ಗ್ರಾಹಕ. ಮೊದಲು ಪ್ಲೇಟು, ಆಮೇಲೆ ಸಿಡಿ, ಆಮೇಲೆ ಜಪಾನಿನ ಮರುಮುದ್ರಣ, ಕೊನೆಗೆ 180 ಗ್ರಾಂ ತೂಕದ ಹೊಸ ಪ್ಲೇಟು ಎಂದು ನಾಲ್ಕು ಸಲ ಕೊಂಡು, ಒಂದನ್ನೂ ಪೂರ್ತಿ ಕೇಳದೆ, ನಾಲ್ಕಕ್ಕೂ ಇರುವ ವ್ಯತ್ಯಾಸವನ್ನು ಊಟದ ಮೇಜಿನಲ್ಲಿ ವಿವರಿಸಬಲ್ಲವನೇ ರಸಿಕ. ಅವನ ಹೆಂಡತಿಗೆ ಈ ಶಾಸ್ತ್ರದಲ್ಲಿ ‘ಸಾಕ್ಷಿ’ ಎಂದು ಹೆಸರು.

ರಸಿಕ ಪರಂಪರೆಯ ಆದಿಪುರುಷರಲ್ಲಿ ಡೀನ್ ಬೆನೆಡೆಟ್ಟಿಗೆ ಅಗ್ರಪೂಜೆ ಸಲ್ಲಬೇಕು. ಸ್ವತಃ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಈತ 1947-48ರಲ್ಲಿ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ಕ್ಲಬ್ಬುಗಳಿಗೆ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಹೋದ. ಪಾರ್ಕರ್ ಶುರು ಮಾಡಿದರೆ ಯಂತ್ರ ಚಾಲೂ, ನಿಲ್ಲಿಸಿದರೆ ಬಂದ್. ಉಳಿದವರ ಸರದಿ ಗಾಳಿಗೆ ಹೋಯಿತು. ಆ ಉಳಿದವರಲ್ಲಿ ಮೈಲ್ಸ್ ಡೇವಿಸ್ ಎಂಬ ಹುಡುಗನೂ ಇದ್ದ. ಎಲ್ಲಿಂದಲೋ ಶುರುವಾಗಿ ಎಲ್ಲೋ ಕತ್ತರಿಸಿ ಹೋಗುವ ಈ ತುಣುಕುಗಳನ್ನು 1990ರಲ್ಲಿ ಮೊಸಾಯಿಕ್ ಕಂಪನಿ ಏಳು ಸಿಡಿಗಳ ಪೆಟ್ಟಿಗೆಯಾಗಿ ಹೊರತಂದಿತು. ನಮ್ಮ ಶಾಸ್ತ್ರದ ಮೂಲತತ್ತ್ವ ಈ ಪೆಟ್ಟಿಗೆಯಲ್ಲಿದೆ: ಬೇಕಾದ್ದನ್ನಷ್ಟೇ ಕೇಳು, ಮಿಕ್ಕದ್ದು ಇರಲೇ ಇಲ್ಲವೆಂದು ತಿಳಿ.

ಇನ್ನು ಪಾಠನಿರ್ಣಯಕ್ಕೆ ಬರೋಣ. ಹಳೆಗನ್ನಡ ಕಾವ್ಯದ ಸಂಪಾದಕರು ಓಲೆಗರಿಗಳನ್ನು ಮುಂದಿಟ್ಟುಕೊಂಡು ಪಟ್ಟ ಪಾಡನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಮುದ್ರಣವಾಯಿತು. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡಿತು. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ಹೀಗಾಗಿ ಪ್ಲೇಟಿನ ಮೊದಲ ಮಗ್ಗುಲಿನ ಮೂರೂ ರಚನೆಗಳು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ ಹೋಗಿ ಕೂತವು. ಅದೇ ದಿನ ಪಕ್ಕದಲ್ಲಿ ಓಡುತ್ತಿದ್ದ ಇನ್ನೊಂದು ಯಂತ್ರದ ವೇಗ ಸರಿಯಾಗಿತ್ತು. ಆ ಟೇಪನ್ನು ಬಳಸಿ ಶ್ರುತಿ ತಿದ್ದಿದ ಆವೃತ್ತಿ ಬಂದದ್ದು 1992ರಲ್ಲಿ. ನಡುವಿನ 33 ವರ್ಷ ಈ ಪ್ಲೇಟಿನ ಜೊತೆ ನುಡಿಸಿ ಪಾಠ ಕಲಿತ ಹುಡುಗರು ತಮ್ಮ ವಾದ್ಯದ ಶ್ರುತಿಯೇ ಕೆಟ್ಟಿದೆಯೆಂದು ಶಂಕಿಸುವಂತಾಯಿತು.

ತಪ್ಪು ಅಲ್ಲಿಗೇ ಮುಗಿಯಲಿಲ್ಲ. ಮೊದಮೊದಲ ಪ್ರತಿಗಳಲ್ಲಿ ಎರಡನೆಯ ಮಗ್ಗುಲಿನ ಎರಡು ರಚನೆಗಳ ಹೆಸರೂ ಅದಲುಬದಲಾಗಿ ಅಚ್ಚಾದವು. ತಿದ್ದಿದ ಪಾಠ ಬಂದ ಮೇಲೆ ತಪ್ಪು ಪಾಠದ ಬೆಲೆ ಬೀಳಬೇಕಲ್ಲವೇ ಎಂದು ಲೋಕರೂಢಿ ಬಲ್ಲವರು ಕೇಳಬಹುದು. ಬೀಳಲಿಲ್ಲ. 1959ರ ಪ್ಲೇಟು, ಶ್ರುತಿ ಏರಿದ್ದೇ ಆದರೂ, ದುಬಾರಿಯಾಗಿಯೇ ಉಳಿದಿದೆ. ಆದ್ದರಿಂದ ನಿಯಮ ಹೀಗೆ: ಪುಸ್ತಕದಲ್ಲಿ ತಪ್ಪಿದ್ದರೆ ಒಪ್ಪೋಲೆ, ಪ್ಲೇಟಿನಲ್ಲಿದ್ದರೆ ಹರಾಜು.

ಶಾಸನ ವಿಭಾಗ ಇದಕ್ಕಿಂತ ಸೂಕ್ಷ್ಮ. ಪ್ಲೇಟಿನಲ್ಲಿ ಗೆರೆಗಳು ಮುಗಿದ ಮೇಲೆ ಲೇಬಲ್ಲಿನವರೆಗೆ ಒಂದು ನುಣುಪಾದ ಕಪ್ಪು ಪಟ್ಟಿ ಇರುತ್ತದೆಯಲ್ಲ, ರಸಿಕನ ಕಣ್ಣಿಗೆ ಸಂಗೀತವಿರುವ ಭಾಗಕ್ಕಿಂತ ಸಂಗೀತವಿಲ್ಲದ ಆ ಭಾಗವೇ ಹೆಚ್ಚು ಮುಖ್ಯ. ಬ್ಲೂ ನೋಟ್ ಕಂಪನಿಯ ಹಳೆಯ ಪ್ಲೇಟು ಕೈಗೆ ಸಿಕ್ಕರೆ ಅವನು ಅದನ್ನು ದೀಪದ ಬುಡಕ್ಕೆ ಒಯ್ದು, ಉಸಿರು ಬಿಗಿಹಿಡಿದು, ಓರೆಯಾಗಿ ತಿರುಗಿಸುತ್ತಾನೆ. ಮೊದಲು ‘ಆರ್‌ವಿಜಿ’ ಎಂಬ ಮೂರಕ್ಷರ ಹುಡುಕಬೇಕು. ಅದು ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್‌ನ ಅಂಕಿತ. ಆಮೇಲೆ ಒಂದು ಸಣ್ಣ ಕಿವಿಯ ಗುರುತು. ಅದು ನಿಜಕ್ಕೂ ಕಿವಿಯಲ್ಲ. ಪ್ಲೇಟು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಹೆಸರಿನ ಮೊದಲಕ್ಷರವನ್ನು ಕೂಡುಬರಹದಲ್ಲಿ ಕೊರೆದದ್ದು. 1966ರಲ್ಲಿ ಬ್ಲೂ ನೋಟ್ ಲಿಬರ್ಟಿ ಕಂಪನಿಗೆ ಮಾರಾಟವಾದ ಮೇಲೆ ಕಿವಿ ಮಾಯವಾಯಿತು. ಲೇಬಲ್ಲಿನಲ್ಲಿ ಲೆಕ್ಸಿಂಗ್ಟನ್ ಅವೆನ್ಯೂ ವಿಳಾಸವಿದ್ದರೆ ಒಂದು ಕಾಲ, ಪಶ್ಚಿಮ 63ನೇ ಬೀದಿ ಎಂದಿದ್ದರೆ ಇನ್ನೊಂದು. ಒಂದು ಕಂಪನಿ ಬಾಡಿಗೆ ಕಟ್ಟಡ ಬದಲಿಸಿದ್ದನ್ನು ಇಷ್ಟು ಭಕ್ತಿಯಿಂದ ಪಾರಾಯಣ ಮಾಡುವ ಪಂಥ ಇನ್ನೊಂದಿಲ್ಲ. ಪ್ಲೇಟಿನಲ್ಲಿ ನುಡಿಸಿದವರು ಯಾರೆಂದು ಈ ಹೊತ್ತಿನಲ್ಲಿ ಕೇಳುವುದು ಅಸಭ್ಯ.

ಈ ವ್ಯಾನ್ ಗೆಲ್ಡರ್ ಮೂಲತಃ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯವನು. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಜಾರವನ್ನೇ ಸ್ಟುಡಿಯೋ ಮಾಡಿಕೊಂಡು ಜಾಝ್ ಚರಿತ್ರೆಯ ಅರ್ಧವನ್ನು ಅಲ್ಲೇ ಮುದ್ರಿಸಿದ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ಗೆ ಹೋದ. 1990ರ ದಶಕದ ಕೊನೆಗೆ ಕಂಪನಿ ಆತನನ್ನೇ ಕರೆಸಿ, ನೀನು ಮುದ್ರಿಸಿದ್ದನ್ನು ನೀನೇ ಹೊಸದಾಗಿ ಸಿಡಿಗೆ ಅಣಿಗೊಳಿಸು ಎಂದು ಕೇಳಿತು. ಆಗ ಆತನಿಗೆ ಎಪ್ಪತ್ತೈದರ ಆಸುಪಾಸು. ಸಿಡಿಗಳು ಬಂದವು. ರಸಿಕರಲ್ಲಿ ಒಂದು ಪಂಗಡ ಕೇಳಿ ತಲೆ ಕೊಡವಿತು: ವ್ಯಾನ್ ಗೆಲ್ಡರ್‌ಗೆ ವ್ಯಾನ್ ಗೆಲ್ಡರ್‌ನ ಧ್ವನಿ ತಿಳಿಯದು. ಮುದುಕನಿಗೆ ಕಿವಿ ಮಂದವಾಗಿದೆ.

ಇದು ಈ ಶಾಸ್ತ್ರದ ಮರ್ಮಸ್ಥಾನ. ಎಳೆಯ ಕಿವಿಗೆ ಸುಮಾರು 20,000 ಹರ್ಟ್ಜ್ ತನಕ ಕೇಳಿಸುತ್ತದೆ. ವಯಸ್ಸಾದಂತೆ ಮೇಲಿನಿಂದ ಕಳಚುತ್ತ ಬರುತ್ತದೆ, ಗಂಡಸರಿಗೆ ಇನ್ನೂ ಬೇಗ. ಸಿಂಬಲ್ಲಿನ ಝಣತ್ಕಾರದ ತುದಿ ಇರುವುದು ಅಲ್ಲೇ. ಕಾಲೇಜಿನಲ್ಲಿದ್ದಾಗ ರಸಿಕನಿಗೆ ಆ ಝಣತ್ಕಾರ ಕೇಳಿಸುತ್ತಿತ್ತು, ಆದರೆ ಅವನಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಪ್ಲೇಯರು, ಗೀಚಲು ಬಿದ್ದ ಪ್ಲೇಟು. ನಿವೃತ್ತಿಯ ಹಣ ಕೈಸೇರಿ, ಆಳೆತ್ತರದ ಸ್ಪೀಕರು ಮನೆಗೆ ಬಂದು, ಮೂಲ ಟೇಪಿನಿಂದ ನೇರ ಇಳಿಸಿದ ಪ್ಲೇಟು ತರಿಸಿಕೊಳ್ಳುವ ಹೊತ್ತಿಗೆ ಕೇಳುವ ಪರಿಕರ ಒಳಗಿಂದಲೇ ಸವೆದಿರುತ್ತದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಹಲ್ಲು ಹೋದದ್ದು ಕಡಲೆಯ ದೋಷ ಎಂಬುದು ರಸಿಕರ ಸಿದ್ಧಾಂತ. 2022ರಲ್ಲಿ ಇದಕ್ಕೊಂದು ಪರೀಕ್ಷೆಯೂ ನಡೆದುಹೋಯಿತು. ಅಪ್ಪಟ ಅನಲಾಗ್ ಎಂದು ನಂಬಿ ಕೊಂಡ ಮೊಬೈಲ್ ಫಿಡೆಲಿಟಿ ಪ್ಲೇಟುಗಳಲ್ಲಿ ಅನೇಕವು ವರ್ಷಗಳಿಂದ ಡಿಜಿಟಲ್ ಹಂತ ದಾಟಿಯೇ ಬರುತ್ತಿದ್ದವೆಂದು ಬಯಲಾಯಿತು. ಕೇಳಿ ಕಂಡುಹಿಡಿದದ್ದಲ್ಲ; ಕಂಪನಿಯ ಎಂಜಿನಿಯರುಗಳೇ ಸಂದರ್ಶನದಲ್ಲಿ ಬಾಯಿಬಿಟ್ಟದ್ದು. ಮರುದಿನದಿಂದ ಆ ಪ್ಲೇಟುಗಳಲ್ಲಿ ಏನೋ ಕೊರತೆ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸತೊಡಗಿತು.

ಉತ್ಸವಗಳ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಅಮೆರಿಕದ ನ್ಯೂಪೋರ್ಟ್ ಉತ್ಸವ 1954ರಲ್ಲಿ ಆರಂಭವಾಯಿತು. ಉತ್ಸವ ಮೊದಲಿನಂತಿಲ್ಲ ಎಂಬ ಗೊಣಗಾಟಕ್ಕೆ ಶಾಸ್ತ್ರೀಯ ಆಧಾರ 1958ರಲ್ಲೇ ಒದಗಿತು, ಏಕೆಂದರೆ ಆ ವರ್ಷ ವೇದಿಕೆ ಹತ್ತಿದವನು ರಾಕ್ ಅಂಡ್ ರೋಲ್‌ನ ಚಕ್ ಬೆರ್ರಿ. 1969ರಲ್ಲಿ ರಾಕ್ ತಂಡ ಲೆಡ್ ಜೆಪ್ಪೆಲಿನ್ ಬಂದಾಗ ಗೊಣಗಾಟ ಪ್ರೌಢಾವಸ್ಥೆಗೆ ತಲುಪಿತು. ಅಂದರೆ ಯಾವ ಉತ್ಸವಕ್ಕೇ ಆಗಲಿ ‘ಮೊದಲಿನ’ ಕಾಲ ನಾಲ್ಕು ವರ್ಷಕ್ಕೆ ಮೀರದು.

ಆದರೆ ಅದೇ ನ್ಯೂಪೋರ್ಟಿನ 1956ರ ಜುಲೈ 7ರ ರಾತ್ರಿಯನ್ನು ಬಿಡುವಂತಿಲ್ಲ. ಡ್ಯೂಕ್ ಎಲಿಂಗ್ಟನ್‌ನ ವಾದ್ಯವೃಂದದಲ್ಲಿ ಪಾಲ್ ಗೊನ್ಸಾಲ್ವೆಸ್ ಎದ್ದು ನಿಂತು ಟೆನರ್ ಸ್ಯಾಕ್ಸೊಫೋನಿನಲ್ಲಿ ಬ್ಲೂಸ್‌ನ 27 ಆವರ್ತ ಬಿಡದೆ ನುಡಿಸಿದ, ಜನ ಕುರ್ಚಿ ಬಿಟ್ಟು ಕುಣಿದರು. ಒಂದೇ ತೊಡಕೆಂದರೆ ಆತ ನಿಂತದ್ದು ತಪ್ಪು ಮೈಕಿನ ಮುಂದೆ. ಅದು ರೆಕಾರ್ಡು ಕಂಪನಿಯದ್ದಲ್ಲ, ವಾಯ್ಸ್ ಆಫ್ ಅಮೆರಿಕ ರೇಡಿಯೋದ್ದು. ಸಾಲದ್ದಕ್ಕೆ ಕಚೇರಿಯ ಬಹುಭಾಗವನ್ನು ಎಲಿಂಗ್ಟನ್ ಬಳಿಕ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಮೇಲೆ ಚಪ್ಪಾಳೆ ಅಂಟಿಸಿ ಪ್ಲೇಟು ಹೊರಡಿಸಿದ್ದ. ರೇಡಿಯೋದ ಟೇಪು ಸಿಕ್ಕಿ, ಎರಡೂ ಮೈಕುಗಳನ್ನು ಜೋಡಿಸಿ, ನಿಜವಾದ ಕಚೇರಿ ಹೊರಬಂದದ್ದು 1999ರಲ್ಲಿ. ಅಲ್ಲಿವರೆಗೆ ಆ ರಾತ್ರಿಯ ಬಿಸಿಯನ್ನು ಹೊಗಳಲು ರಸಿಕರು ಬಳಸಿದ ವಿಶೇಷಣಗಳಲ್ಲಿ ಒಂದು ಪಾಲು ಹವಾನಿಯಂತ್ರಿತ ಕೋಣೆಯೊಂದಕ್ಕೆ ಸಲ್ಲಬೇಕಾಗಿ ಬಂದಿದೆ.

ಪೂರ್ವಪಕ್ಷ: “ಹಾಗಾದರೆ ಮೂಲ ಯಾವುದು ಸ್ವಾಮಿ? ನಡೆದದ್ದೋ, ನಾವು ನಲವತ್ತು ವರ್ಷ ಕೇಳಿದ್ದೋ?” ಸಿದ್ಧಾಂತ: ಎರಡನ್ನೂ ಕೊಳ್ಳತಕ್ಕದ್ದು.

ನಮ್ಮ ಬೆಂಗಳೂರೂ ಈ ಶಾಸ್ತ್ರದಲ್ಲಿ ಒಂದು ಗೊಂದಲಕ್ಕೆ ಕಾರಣವಾಗಿದೆ. ಬಾಸ್ಟನ್‌ನ ಚಾರ್ಲಿ ಮರಿಯಾನೊ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ, ಆರ್. ಎ. ರಮಾಮಣಿಯವರ ಹಾಡುಗಾರಿಕೆಯೊಂದಿಗೆ ನುಡಿಸಿದ ‘ಜ್ಯೋತಿ’ಯನ್ನು 1983ರಲ್ಲಿ ಮ್ಯೂನಿಕ್‌ನ ಇಸಿಎಂ ಕಂಪನಿ ಹೊರತಂದಿತು. ಅದನ್ನು ಯಾವ ಕಪಾಟಿನಲ್ಲಿಡುವುದೆಂಬ ಚರ್ಚೆಯಲ್ಲಿ ಮುಳುಗಿದವರಿಗೆ, ಮೃದಂಗದ ಜೊತೆ ಆಲ್ಟೊ ಸ್ಯಾಕ್ಸೊಫೋನ್ ಎಷ್ಟು ಹಾಯಾಗಿ ಕೂತಿದೆಯೆಂದು ಕೇಳಲು ಪುರಸೊತ್ತಾಗಿಲ್ಲ.

ಈಗ ವಯೋವಿಚಾರ. ಕವಿಕಾಲ ನಿರ್ಣಯದಲ್ಲಿ ಪಳಗಿದವರಿಗೆ ಇದು ಹುಲುಸಾದ ಹೊಲ. ಲೂಯಿ ಆರ್ಮ್‌ಸ್ಟ್ರಾಂಗ್ ಜೀವನವಿಡೀ ತಾನು 1900ರ ಜುಲೈ 4ರಂದು ಹುಟ್ಟಿದೆನೆಂದ. ಚರ್ಚಿನ ದಾಖಲೆ 1901ರ ಆಗಸ್ಟ್ 4 ಎನ್ನುತ್ತದೆ. ಪಿಯಾನೊದ ಯೂಬಿ ಬ್ಲೇಕ್ 1983ರ ಫೆಬ್ರವರಿಯಲ್ಲಿ ತನ್ನ ನೂರನೆಯ ಹುಟ್ಟುಹಬ್ಬ ಆಚರಿಸಿಕೊಂಡು ಐದು ದಿನಕ್ಕೆ ತೀರಿಕೊಂಡ. ದಾಖಲೆಗಳ ಪ್ರಕಾರ ಆತ ಹುಟ್ಟಿದ್ದು 1887ರಲ್ಲಿ, ಅಂದರೆ ನೂರಕ್ಕೆ ಇನ್ನೂ ನಾಲ್ಕು ಬಾಕಿ. ಸನ್ ರಾ ತನ್ನ ಹುಟ್ಟೂರು ಶನಿಗ್ರಹ ಎಂದ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನವರು ತಮ್ಮೂರು ಎನ್ನುತ್ತಾರೆ. ಈ ಪ್ರಬಂಧ ಎರಡೂ ಪಕ್ಷವನ್ನು ಮಾನ್ಯ ಮಾಡುತ್ತದೆ.

ಎಲ್ಲಕ್ಕೂ ಕಳಶಪ್ರಾಯನಾದವನು ಬಂಕ್ ಜಾನ್ಸನ್. 1930ರ ದಶಕದ ಕೊನೆಯಲ್ಲಿ ಹಳೆಯ ನ್ಯೂ ಆರ್ಲಿಯನ್ಸ್ ಶೈಲಿಯ ಬೆನ್ನು ಬಿದ್ದ ಸಂಶೋಧಕ ರಸಿಕರಿಗೆ ಲೂಯಿಸಿಯಾನದ ನ್ಯೂ ಐಬೀರಿಯಾದಲ್ಲಿ ಈತ ಸಿಕ್ಕಿದ. ತುತ್ತೂರಿ ಇರಲಿಲ್ಲ, ಹಲ್ಲೂ ಇರಲಿಲ್ಲ. ಹಲ್ಲಿಲ್ಲದೆ ತುತ್ತೂರಿಗೆ ತುಟಿ ಬಿಗಿಯುವುದಾದರೂ ಹೇಗೆ? ಎರಡೂ ಸಿಕ್ಕರೆ ನುಡಿಸುತ್ತೇನೆಂದು ಕಾಗದ ಬರೆದ. ರಸಿಕರು ಚಂದಾ ಎತ್ತಿದರು. ದಂತಪಂಕ್ತಿ ಕಟ್ಟಿಕೊಟ್ಟವನು ದಂತವೈದ್ಯ ಲಿಯೊನಾರ್ಡ್ ಬೆಶೆ, ಮಹಾವಾದಕ ಸಿಡ್ನಿ ಬೆಶೆಯ ಅಣ್ಣ. 1942ರಲ್ಲಿ ಜಾನ್ಸನ್ ರೆಕಾರ್ಡಿಂಗಿಗೆ ಕೂತ, ಪಂಥವೊಂದು ಮರುಹುಟ್ಟು ಪಡೆಯಿತು. ತಾನು 1879ರವನು, ಜಾಝ್‌ನ ಮೂಲಪುರುಷ ಬಡ್ಡಿ ಬೋಲ್ಡನ್ ಜೊತೆ ನುಡಿಸಿದವನು ಎಂದು ಆತ ಹೇಳಿದ್ದನ್ನು ಅವರು ಬರೆದುಕೊಂಡರು. ಹುಟ್ಟಿದ್ದು ಹತ್ತು ವರ್ಷ ಈಚೆಗೆ ಇದ್ದೀತೆಂದು ನಂತರದ ಸಂಶೋಧಕರು ಅನುಮಾನಿಸಿದರು. ನನಗಂತೂ ಜಾನ್ಸನ್ ಮೇಲೆ ಬೇಸರವಿಲ್ಲ. ಕೇಳುವವರಿಗೆ ಮುದುಕ ಬೇಕಿತ್ತು, ಆತ ಆದ. ಹೊಸ ಬೀಬಾಪ್ ಪಂಗಡ ಈ ಪ್ರಾಚೀನಪ್ರಿಯರನ್ನು ಬೂಷ್ಟು ಹಿಡಿದ ಅಂಜೂರಗಳೆಂದು ಬೈಯತೊಡಗಿತು. ಹಾಗೆ ಬೈದ ಹುಡುಗರೇ ಮುಂದೆ ಫ್ಯೂಷನ್ ಬಂದಾಗ ಅಂಜೂರವಾದರು.

ಕಲಾವಿದರಿಗೆ ವಯಸ್ಸಾದರೆ ಏನೆನ್ನಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. 1958ರ ‘ಲೇಡಿ ಇನ್ ಸ್ಯಾಟಿನ್’ನಲ್ಲಿ ಬಿಲ್ಲಿ ಹಾಲಿಡೇಯ ದನಿ ಒಡೆದಿದೆ. ದನಿ ಹೋಯಿತೆಂದು ಒಂದು ಮತ, ದನಿ ಹೋದದ್ದರಿಂದಲೇ ಭಾವ ಬಂತೆಂದು ಇನ್ನೊಂದು ಮತ. ಹಾಡುವಾಗ ಆಕೆಗೆ 42 ವರ್ಷ. ಇದನ್ನು ವೃದ್ಧಾಪ್ಯ ಪ್ರಕರಣಕ್ಕೆ ಸೇರಿಸಿದವರು ಯಾರೋ ತಿಳಿಯದು. ಅದಕ್ಕೆ ಎದುರಾಗಿ ಡಾಕ್ ಚೀಥಮ್ ನಿಲ್ಲುತ್ತಾನೆ: ಯೌವನದಲ್ಲಿ ವೃಂದದ ಸಾಲಿನಲ್ಲೇ ಕೂತು, ಮುಪ್ಪಿನಲ್ಲಿ ಸೋಲೊ ವಾದಕನಾಗಿ ಹೆಸರಾಗಿ, 91ನೇ ವಯಸ್ಸಿನವರೆಗೆ ತುತ್ತೂರಿ ಊದಿದ. ಸಾಯುವುದೇ ಕ್ಷೇಮವೆಂಬ ಪಂಗಡವೂ ಇದೆ. ಜಾನ್ ಕೋಲ್ಟ್ರೇನ್ 1967ರಲ್ಲಿ ನಲವತ್ತಕ್ಕೇ ತೀರಿಕೊಂಡವನು, 2018, 2019, 2021, 2023ರಲ್ಲಿ ಹೊಸ ಆಲ್ಬಂ ಕೊಟ್ಟಿದ್ದಾನೆ. ಬದುಕಿರುವ ಎಷ್ಟೋ ವಾದಕರಿಗೆ ಈ ಗತಿ ದಕ್ಕಿಲ್ಲ. ಅವನ ದನಿ ಕುಗ್ಗಿದೆಯೆಂದು ಯಾರೂ ದೂರಿಲ್ಲ.

ಕೊನೆಯದಾಗಿ ರಾಯ್ ಹೇನ್ಸ್ ಎಂಬ ಡ್ರಮ್ ವಾದಕನ ಸಮಸ್ಯೆ. 1940ರ ದಶಕದಲ್ಲಿ ಲೆಸ್ಟರ್ ಯಂಗ್ ಜೊತೆ, ಆಮೇಲೆ ಪಾರ್ಕರ್ ಜೊತೆ, 1950ರ ದಶಕದಲ್ಲಿ ಸಾರಾ ವಾನ್ ಜೊತೆ, 1968ರಲ್ಲಿ ಚಿಕ್ ಕೊರಿಯಾ ಜೊತೆ, 1989ರಲ್ಲಿ ಪ್ಯಾಟ್ ಮೆಥಿನಿ ಜೊತೆ ಈತ ನುಡಿಸಿದ. ಎಂಬತ್ತು ದಾಟಿದ ಮೇಲೂ ಮೊಮ್ಮಕ್ಕಳ ವಯಸ್ಸಿನವರ ತಂಡ ಕಟ್ಟಿಕೊಂಡು ಡ್ರಮ್ಮಿನ ಹಿಂದೆ ಕೂತ. ಮಣಿಕಟ್ಟು ಸೋತಿತೆನ್ನಲು ಆಧಾರ ಸಿಗುವುದಿಲ್ಲ; ಇಳಿಗಾಲದ ಶೈಲಿ ಯಾವುದೆಂದರೆ ಅದೂ ಸಿಗುವುದಿಲ್ಲ. ವಾದಕನಿಗೆ ಉಚ್ಛ್ರಾಯ ಒಂದೇ ದಶಕ, ಮಿಕ್ಕದ್ದೆಲ್ಲ ಇಳಿಜಾರು ಎಂಬ ರಸಿಕಶಾಸ್ತ್ರದ ಪ್ರಧಾನ ಸೂತ್ರಕ್ಕೆ ಇದರಿಂದ ಬಾಧೆ ಬರುತ್ತದೆ. ಇಂಥ ಇಕ್ಕಟ್ಟಿನಲ್ಲಿ ಕನ್ನಡ ಸಾಹಿತ್ಯ ಚರಿತ್ರಕಾರರು ತೋರಿದ ದಾರಿಯೇ ನಮಗೂ ಗತಿ. ನಾಗವರ್ಮ ಒಬ್ಬನಿಂದ ಕೆಲಸ ಕೆಟ್ಟಾಗ ಅವರು ಇಬ್ಬರನ್ನು ಮಾಡಿದರು. ಹಾಗೆಯೇ ರಾಯ್ ಹೇನ್ಸ್ ಇಬ್ಬರಿದ್ದರೆಂದು ಈ ಪ್ರಬಂಧ ಪ್ರತಿಪಾದಿಸುತ್ತದೆ: ಒಂದನೆಯ ಹೇನ್ಸ್ ಬೀಬಾಪ್ ಕಾಲದವನು, ಎರಡನೆಯ ಹೇನ್ಸ್ ಕೊರಿಯಾ ಕಾಲದವನು. ಇಬ್ಬರೂ 1925ರ ಮಾರ್ಚ್ 13ರಂದು ಬಾಸ್ಟನ್‌ನಲ್ಲೇ ಹುಟ್ಟಿ, 2024ರ ನವೆಂಬರ್ 12ರಂದು ತಮ್ಮ 99ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಕತಾಳೀಯ. ಮೂರನೆಯ ಹೇನ್ಸ್ ಒಬ್ಬ ಇದ್ದಿರಬೇಕೆಂಬ ವಾದವೂ ತಳ್ಳಿಹಾಕುವಂಥದಲ್ಲ, ಮೆಥಿನಿ ಜೊತೆಗಿನ ಆ ಕೈಚಳಕಕ್ಕೆ ಇಬ್ಬರು ಸಾಲುವುದಿಲ್ಲ.